ರೊಟ್ಟಿಯ ಸೀಮೆಯಲ್ಲಿ ಸೂರಿನ ಮಾತು

ಪುಷ್ಯ ಮಾಸ ಸಮೀಪಿಸಿತೆಂದರೆ ಕೊಪ್ಪಳ ಸೀಮೆಯ ಹಳ್ಳಿಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ ಜೋರಾಗುತ್ತದೆ. ಗುಡಿಯ ಮುಂದೆಯೋ ಓಣಿಯ ಕಟ್ಟೆಯ ಮೇಲೋ ಸಾಲಾಗಿ ಒಲೆ ಹೂಡುತ್ತಾರೆ. ಹೆಣ್ಣುಮಕ್ಕಳು ಗುಂಪುಗೂಡಿ ಕೂರುತ್ತಾರೆ. ಒಬ್ಬಾಕೆ ಕುದಿಯುವ ಎಸರಿಗೆ ಜೋಳದ ಹಿಟ್ಟು ಸುರಿದು ನಾದಿದರೆ, ಮತ್ತೊಬ್ಬಾಕೆ ಬಡಿಯುತ್ತಾಳೆ, ಇನ್ನೊಬ್ಬಾಕೆ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ ಮಗುಚುತ್ತಾಳೆ. ಬೆಂದ ರೊಟ್ಟಿಯನ್ನು ಒಲೆಯ ಬದಿಗೆ ಆನಿಸಿ ನಿಲ್ಲಿಸಿದರೆ ಅದರ ಪಸೆ ಆರಿ ಖಡಕ್ಕಾಗುತ್ತದೆ. ಹೀಗೆ ಆರಿದ ರೊಟ್ಟಿ ವಾರಗಟ್ಟಲೆ ಕೆಡದು. ಬುಟ್ಟಿಗಳಲ್ಲಿ ಅಡಕಿ, ಮೇಲೆ ಬಿಳಿ ಬಟ್ಟೆ ಕಟ್ಟಿ, ಟ್ರ್ಯಾಕ್ಟರಿಗೋ ಚಕ್ಕಡಿಗೋ ಏರಿಸಿ, ಭಜನೆ ಮಾಡುತ್ತಾ ಊರಿಗೆ ಊರೇ ಕೊಪ್ಪಳದ ಹಾದಿ ಹಿಡಿಯುತ್ತದೆ. ಗವಿಸಿದ್ಧೇಶ್ವರ ಮಠದ, ಅಂದರೆ ಗವಿಮಠದ, ದಾಸೋಹದ ಮನೆಯಲ್ಲಿ ಆ ರೊಟ್ಟಿಗಳು ಗೋಡೆಯ ಹಾಗೆ ಏರುತ್ತಾ ಹೋಗುತ್ತವೆ. ಪುಷ್ಯ ಬಹುಳ ಬಿದಿಗೆಯಂದು ತೇರು ಎಳೆದ ಮೇಲೆ ಅಮಾವಾಸ್ಯೆಯವರೆಗೂ ರೊಟ್ಟಿ, ಮಾದಲಿ, ಪಲ್ಯ, ಅನ್ನ, ಸಾರು ಅಲ್ಲಿ ಹರಿಯುತ್ತಲೇ ಇರುತ್ತದೆ. ಪಂಕ್ತಿಯಲ್ಲಿ ಕೂತವರ ಜಾತಿಯನ್ನಾಗಲಿ ಊರನ್ನಾಗಲಿ ಯಾರೂ ಕೇಳುವುದಿಲ್ಲ.

ಹಸಿದವರಿಗೆ ಉಣಿಸುವುದು ಈ ಸೀಮೆಗೆ ಯಾರೂ ಹೇಳಿಕೊಡಬೇಕಾಗಿಲ್ಲದ ವಿದ್ಯೆ. ಉಂಡೆದ್ದವರಲ್ಲಿ ಕೆಲವರು ರಾತ್ರಿ ಎಲ್ಲಿ ಮಲಗುತ್ತಾರೆ ಎಂಬ ಪ್ರಶ್ನೆ ಬಂದಾಗ ಮಾತ್ರ ನಾವೆಲ್ಲ ಸ್ವಲ್ಪ ತಡವರಿಸುತ್ತೇವೆ. ಪುಷ್ಯದ ಚಳಿಯಲ್ಲಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚು, ರೈಲು ನಿಲ್ದಾಣದ ಹೊರಗಿನ ಜಗುಲಿ, ಅಂಗಡಿಗಳ ಷಟರಿನ ಮುಂದಿನ ಮೆಟ್ಟಿಲು, ಊರಾಚೆಯ ಬಯಲಲ್ಲಿ ಕಟ್ಟಿದ ತಾಡಪತ್ರಿಯ ಗುಡಾರ, ಇವೇ ಅವರ ಮನೆಗಳು. ಒಬ್ಬಂಟಿಗಳಾದರೆ ಹೇಗೋ ಒಂದು ಮೂಲೆ ಹುಡುಕಿಕೊಳ್ಳುತ್ತಾರೆ. ಗಂಡ, ಹೆಂಡತಿ, ಎಳೆಯ ಮಕ್ಕಳು, ಜತೆಗೊಬ್ಬ ಅಜ್ಜಿ ಇರುವ ಕುಟುಂಬಕ್ಕೆ ಆ ಮೂಲೆ ಸಾಲದು. ಅನ್ನದ ದಾಸೋಹ ಇಷ್ಟು ಪಳಗಿದ ನಾಡು ಸೂರಿನ ದಾಸೋಹವನ್ನೂ ಪಳಗಿಸಿಕೊಳ್ಳಬಲ್ಲದು ಎಂಬುದು ನನ್ನ ಗಟ್ಟಿ ನಂಬಿಕೆ. ಅದಕ್ಕೆ ಮೊದಲು ನಮ್ಮ ನಡುವಿನ ಸೂರಿಲ್ಲದವರು ಯಾರು ಎಂದು ತಿಳಿಯಬೇಕು.

2011ರ ಜನಗಣತಿಯವರು ಫೆಬ್ರವರಿ 28ರ ರಾತ್ರಿ ದೇಶದಾದ್ಯಂತ ವಸತಿರಹಿತರನ್ನು ಎಣಿಸಿದರು. ರಸ್ತೆಬದಿ, ಫುಟ್‌ಪಾತು, ಮೇಲ್ಸೇತುವೆಯ ಅಡಿ, ದೊಡ್ಡ ಕೊಳವೆಯ ಒಳಗೆ, ಗುಡಿಯ ಮಂಟಪ, ರೈಲ್ವೆ ಪ್ಲಾಟ್‌ಫಾರ್ಮು ಹೀಗೆ ಬಯಲಲ್ಲಿ ಮಲಗಿದವರು ಒಟ್ಟು 17.7 ಲಕ್ಷ ಎಂಬ ಲೆಕ್ಕ ಸಿಕ್ಕಿತು. ಆದರೆ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯ ಸೂರಿಲ್ಲದ ಕುಟುಂಬಗಳು ಇಂಥ ಲೆಕ್ಕಕ್ಕೆ ಸುಲಭವಾಗಿ ಸಿಗುವುದಿಲ್ಲ. ಕಾಗದದ ಮೇಲೆ ಅವರಿಗೆ ಮನೆಯಿದೆ. ಆ ಮನೆಗೆ ಬೀಗ ಬಿದ್ದಿರುತ್ತದೆ.

ಈ ಎರಡೂ ತಾಲ್ಲೂಕುಗಳ ಒಕ್ಕಲುತನ ಹೆಚ್ಚುಕಡಿಮೆ ಮಳೆಯನ್ನೇ ನೆಚ್ಚಿಕೊಂಡದ್ದು. ಎರಿ ಹೊಲದಲ್ಲಿ ಜೋಳ, ಕಡಲೆ. ಮಸಾರಿಯಲ್ಲಿ ಸಜ್ಜೆ, ಶೇಂಗಾ, ತೊಗರಿ. ಒಂದು ಮಳೆ ಕೈಕೊಟ್ಟರೆ ಪೀಕು ಒಣಗುತ್ತದೆ, ಸಾಲ ಬೆಳೆಯುತ್ತದೆ. ಆಮೇಲೆ ಉಳಿಯುವುದು ಗುಳೆ. ಮೇಸ್ತ್ರಿಯ ಕೈಯಿಂದ ಮುಂಗಡ ಹಿಡಿದು ಕುಟುಂಬ ಕುಟುಂಬವೇ ಬೆಂಗಳೂರು, ಮಂಗಳೂರು, ಗೋವಾ ಅಂತ ಬಸ್ಸು ಹತ್ತುತ್ತದೆ. ಅಂಥ ಹೊತ್ತಿನಲ್ಲಿ ಹಳ್ಳಿಯ ಕಟ್ಟೆಯ ಮೇಲೆ ಕೂತ ಮುದುಕಿಯನ್ನು "ಎಲ್ಲ್ಯಾರ ಬೇ ನಿಮ್ಮ ಮಂದಿ?" ಎಂದು ಕೇಳಿದರೆ, "ದುಡ್ಯಾಕ ಹೋಗ್ಯಾರಪ್ಪ, ಅಲಾಯಿ ಹಬ್ಬಕ್ಕ ಬರ್ತಾರ" ಎಂಬ ಉತ್ತರ ಬರುತ್ತದೆ. ಮೊಹರಂ ಬಂತು, ಊರ ಜಾತ್ರೆ ಬಂತು, ಇಲ್ಲವೇ ಚುನಾವಣೆ ಬಂತು ಎಂದರೆ ಬೀಗ ತೆಗೆಯುತ್ತದೆ. ಹಬ್ಬ ಮುಗಿದ ಕೆಲವೇ ದಿನಕ್ಕೆ ಮತ್ತೆ ಬೀಗ.

ಅತ್ತ ಅವರು ಇಳಿಯುವ ಜಾಗ ಹೇಗಿರುತ್ತದೆ? ಕಟ್ಟಡದ ಪಕ್ಕದ ಖಾಲಿ ಸೈಟಿನಲ್ಲಿ ತಗಡಿನ ಶೆಡ್ಡು. ನಾಲ್ಕು ಮಂದಿ ಕಾಲು ಚಾಚಿದರೆ ಒಲೆಗೆ ತಾಗುವಷ್ಟು ಅಗಲ. ಮಧ್ಯಾಹ್ನ ತಗಡು ಕಾದು ಒಳಗೆ ನಿಲ್ಲಲಾಗದು, ಮಳೆ ಬಂದರೆ ಅದರ ಸದ್ದಿಗೆ ಮಾತು ಕೇಳದು. ಸಿಮೆಂಟು ಚೀಲ ಬಿಚ್ಚಿ ಹೊಲಿದ ಹಾಸು, ಎರಡು ಕಂಬಗಳ ನಡುವೆ ಹಳೆಯ ಸೀರೆಯ ಜೋಲಿ, ಅದರಲ್ಲಿ ಕೂಸು. ಅವ್ವ ಬುಟ್ಟಿ ಹೊತ್ತು ಮೂರನೇ ಮಹಡಿಗೆ ಹೋದಾಗ ಜೋಲಿ ತೂಗುವುದು ಏಳೆಂಟು ವರ್ಷದ ಅಕ್ಕ. ಶಾಲೆಗೆ ಹೋಗಬೇಕಾದವಳು ಅವಳು. ಕಟ್ಟಡ ಪೂರ್ತಿಯಾಗಿ ಬೇರೆಯವರ ಗೃಹಪ್ರವೇಶ ನಡೆಯುವ ವಾರವೇ ಇವರ ಶೆಡ್ಡು ಬಿಚ್ಚುತ್ತಾರೆ.

ಇಂಥ ಶೆಡ್ಡನ್ನು ಮಾಲೀಕ ದೊಡ್ಡ ಮನಸ್ಸು ಮಾಡಿ ಕೊಟ್ಟ ಜಾಗವೆಂದು ಬಹಳ ಜನ ತಿಳಿದಿದ್ದಾರೆ. ಕಾರ್ಮಿಕರೂ ಹಾಗೇ ತಿಳಿದಿದ್ದಾರೆ. 2025ರವರೆಗೆ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳಿದ್ದು ಬೇರೆ. ಅದರ ವ್ಯಾಪ್ತಿಗೆ ಬರುವ ಕೆಲಸದ ಸ್ಥಳದಲ್ಲಿ ಕಾರ್ಮಿಕರಿಗೆ ಪುಕ್ಕಟೆ ತಾತ್ಕಾಲಿಕ ವಸತಿ ಕೊಡಬೇಕಿತ್ತು, ಅದರಲ್ಲಿ ಅಡುಗೆಗೆ ಬೇರೆ ಜಾಗ, ಸ್ನಾನಕ್ಕೆ, ಬಟ್ಟೆ ಒಗೆಯಲು, ಶೌಚಕ್ಕೆ ಅನುಕೂಲ ಇರಬೇಕಿತ್ತು. ಐವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ತೆರೆಯಬೇಕಿತ್ತು. ಗುಳೆ ಹೋದ ಕುಟುಂಬಕ್ಕೆ ಕಂಬಳಿ ಕೊಡುವವರು ಈಗಿನ ಕಾನೂನಿನ ಮಾತನ್ನೂ ಕನ್ನಡದಲ್ಲಿ ಅವರ ಕಿವಿಗೆ ಹಾಕಿ, ಮೇಸ್ತ್ರಿಯ ಜತೆ ಮಾತಾಡುವಾಗ ಪಕ್ಕದಲ್ಲಿ ನಿಂತರೆ, ಅದು ಕಂಬಳಿಗಿಂತ ಹೆಚ್ಚು ದಿನ ಬಾಳುವ ನೆರವು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಈ ಬದುಕೆಲ್ಲ ಒಮ್ಮೆಲೇ ಕಣ್ಣಿಗೆ ಬಿತ್ತು. ಕೆಲಸ ನಿಂತಿತು, ಶೆಡ್ಡೂ ಹೋಯಿತು. ಮೇ ತಿಂಗಳ ಆರಂಭದಲ್ಲಿ ಊರಿಗೆ ಹೊರಟವರಿಂದ ಮೊದಲು ದುಪ್ಪಟ್ಟು ಬಸ್ ದರ ಕೇಳಲಾಯಿತು. ಜನ ಸಿಡಿದ ಮೇಲೆ ಮೇ 3ರಿಂದ ಪುಕ್ಕಟೆ ಬಸ್ ಬಿಟ್ಟರು. ಗಂಟುಮೂಟೆ ಹೊತ್ತು ಬಸ್‌ಸ್ಟ್ಯಾಂಡಿನಲ್ಲಿ ಕಾದವರನ್ನು ಟಿವಿಯಲ್ಲಿ ಕಂಡ ನಗರದ ಮಂದಿಗೆ, ತಮ್ಮ ಮನೆ ಕಟ್ಟಿದವರಿಗೆ ತಮ್ಮೂರಿನಲ್ಲಿ ಮನೆಯಿಲ್ಲ ಎಂಬುದು ಆಗ ತಿಳಿಯಿತೇನೋ.

ಗಂಗಾವತಿಯ ಕತೆ ಇದಕ್ಕೆ ತಿರುವುಮುರುವು. ಕುಷ್ಟಗಿಯವರು ಹೊರಗೆ ಹೋದರೆ ಗಂಗಾವತಿಗೆ ಹೊರಗಿನವರು ಬರುತ್ತಾರೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಅದು ಭತ್ತದ ಕಣಜವಾಯಿತು. ನಾಟಿಗೆ, ಕೊಯ್ಲಿಗೆ, ರೈಸ್ ಮಿಲ್ಲಿನ ಹಮಾಲಿಗೆ ಆಳು ಬೇಕಾಯಿತು. ಆಂಧ್ರದಿಂದ ಬಂದ ರೈತರು ಕಾಲುವೆಯ ಆಸುಪಾಸು ಕ್ಯಾಂಪು ಹಾಕಿ ಊರು ಕಟ್ಟಿದರು. ಈ ಹಸಿರಿನ ಕೆಳಗೆ ಒಂದು ಹಳೆಯ ಗಾಯವೂ ಇದೆ. 1945ರಲ್ಲಿ ಶುರುವಾಗಿ 1953ರ ಹೊತ್ತಿಗೆ ನೀರು ನಿಂತ ತುಂಗಭದ್ರಾ ಜಲಾಶಯ ಸುಮಾರು 90 ಹಳ್ಳಿಗಳನ್ನು ನುಂಗಿತು. 54 ಸಾವಿರಕ್ಕೂ ಹೆಚ್ಚು ಜನ ಮನೆಮಠ ಬಿಟ್ಟೆದ್ದರು. ಒಬ್ಬರ ಗದ್ದೆಗೆ ನೀರು ಬರಲು ಇನ್ನೊಬ್ಬರ ಒಲೆ ಮುಳುಗಬೇಕಾಯಿತು. ಅದನ್ನು ನೆನೆಯದೆ ಇಲ್ಲಿ ಸೂರಿನ ಬಗ್ಗೆ ಬರೆಯುವುದು ನ್ಯಾಯವಲ್ಲ.

ಇನ್ನು ಅಲೆಮಾರಿಗಳು. ಬುಡ್ಗಜಂಗಮರು, ಸುಡುಗಾಡು ಸಿದ್ಧರು, ಚನ್ನದಾಸರು, ಗೊಂದಲಿಗರು ತಲೆಮಾರುಗಳಿಂದ ಈ ಭಾಗದಲ್ಲಿ ಊರೂರು ತಿರುಗಿದವರು. ಕಥೆ ಹೇಳುವುದು, ವೇಷ ಹಾಕುವುದು, ಕಣಿ ಹೇಳುವುದು ಹೊಟ್ಟೆ ತುಂಬಿಸದಾದಾಗ ಪ್ಲಾಸ್ಟಿಕ್ ಸಾಮಾನು, ಪಿನ್ನು, ಬಾಚಣಿಗೆ ಮಾರುತ್ತಾ, ಕೂದಲು ಕೊಳ್ಳುತ್ತಾ ಊರಿನ ಅಂಚಿನ ಬಯಲಲ್ಲಿ ಗುಡಾರ ಹಾಕಿದರು. ಇವರಿಗೆ ಮೊದಲು ಬೇಕಾದದ್ದು ಕಾಗದ. ಮನೆ ಮಂಜೂರಾಗಲು ನಿವೇಶನ ಬೇಕು, ನಿವೇಶನಕ್ಕೆ ರೇಷನ್ ಕಾರ್ಡು ಮತ್ತು ಜಾತಿ ಪ್ರಮಾಣಪತ್ರ ಬೇಕು, ಅವೆರಡಕ್ಕೂ ವಿಳಾಸ ಬೇಕು, ವಿಳಾಸಕ್ಕೆ ಮನೆ ಬೇಕು. ಈ ಸುತ್ತಿನಿಂದ ಒಂದು ಕುಟುಂಬವನ್ನು ಹೊರಗೆ ತರಲು ಓದು ಬಲ್ಲವರೊಬ್ಬರು ತಹಶೀಲ್ದಾರರ ಕಚೇರಿಗೆ ಅವರ ಜತೆ ಹತ್ತಾರು ಸಲ ಹೋಗಬೇಕು. ಕ್ಯಾಮೆರಾಕ್ಕೆ ಬೀಳುವ ಕೆಲಸ ಇದಲ್ಲ. ಸೂರಿನ ಸೇವೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಮಾತ್ರ ಇದೇ. ಕರ್ನಾಟಕ ಭೂಕಂದಾಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ತಾಂಡಾ, ಹಟ್ಟಿ, ಕ್ಯಾಂಪುಗಳಂಥ ದಾಖಲೆ ಇಲ್ಲದ ವಸತಿಗಳ ಮನೆಗಳಿಗೆ ಹಕ್ಕುಪತ್ರ ಕೊಡಲು ದಾರಿ ಮಾಡಿತು. 2025ರ ಮೇ 20ರಂದು, ಕೊಪ್ಪಳಕ್ಕೆ ದೂರವಲ್ಲದ ಹೊಸಪೇಟೆಯ ಸಮಾವೇಶದಲ್ಲಿ, 1,11,111 ಕುಟುಂಬಗಳಿಗೆ ಹಕ್ಕುಪತ್ರ ಹಂಚಿಕೆಯಾಯಿತು. ಸರ್ಕಾರ ಮನಸ್ಸು ಮಾಡಿದರೆ ಆಗುತ್ತದೆ. ಪಟ್ಟಿಗೆ ಹೆಸರು ಸೇರಿಸುವವರು ತಳದಲ್ಲಿ ಇರಬೇಕು, ಅಷ್ಟೆ.

ಊರಿನೊಳಗಿನ ವಸತಿರಹಿತರಿಗೂ ಸರ್ಕಾರದ ಏರ್ಪಾಡು ಇಲ್ಲದಿಲ್ಲ. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ 2010ರಲ್ಲಿ ಸುಪ್ರೀಂ ಕೋರ್ಟು ನಗರಗಳಲ್ಲಿ ರಾತ್ರಿ ತಂಗುದಾಣ ತೆರೆಯಲೇಬೇಕೆಂದಿತು. 2013ರ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಅದಕ್ಕೊಂದು ಅಳತೆ ಕೊಟ್ಟಿತು: 1 ಲಕ್ಷ ಜನರಿರುವ ಊರಿಗೆ 100 ಜನ ತಂಗುವಷ್ಟು ಶಾಶ್ವತ ಆಶ್ರಯ, ತಲೆಗೆ 50 ಚದರಡಿ ಜಾಗ, ದಿನದ ಇಪ್ಪತ್ನಾಲ್ಕು ಗಂಟೆ ತೆರೆದ ಬಾಗಿಲು, ಕುಟುಂಬಗಳಿಗೆ ಪ್ರತ್ಯೇಕ ವ್ಯವಸ್ಥೆ. 2011ರಲ್ಲೇ 1 ಲಕ್ಷ 14 ಸಾವಿರ ಜನರಿದ್ದ ಗಂಗಾವತಿ, ಜಿಲ್ಲಾ ಕೇಂದ್ರವಾದ ಕೊಪ್ಪಳ ಎರಡೂ ಈ ಅಳತೆಗೆ ಒಳಪಟ್ಟವು. ಅಭಿಯಾನ ಶುರುವಾದಾಗ ಎಣಿಸಿದ್ದು ಲಕ್ಷ ದಾಟಿದ ಊರುಗಳನ್ನೂ ಜಿಲ್ಲಾ ಕೇಂದ್ರಗಳನ್ನೂ ಮಾತ್ರ. ಕುಷ್ಟಗಿ, ಯಲಬುರ್ಗಾದಂಥ ಪೇಟೆಗಳು ಆಗ ಅದರ ಗಡಿಯಾಚೆ ಉಳಿದವು. ಸಣ್ಣ ಊರಿನಲ್ಲಿ ಬೀದಿಯಲ್ಲಿ ಮಲಗುವವರು ಇರುವುದಿಲ್ಲ ಎಂಬ ಊಹೆ ಅಧಿಕಾರಿಗಳಲ್ಲಿ ಮಾತ್ರವಲ್ಲ, ನಮ್ಮಲ್ಲೂ ಇದೆ. ಗಂಡ ಬಿಟ್ಟ ಹೆಂಗಸು, ಮಕ್ಕಳು ಹೊರಹಾಕಿದ ಮುದುಕ, ದೇವದಾಸಿ ಪದ್ಧತಿಯಲ್ಲಿ ಹರೆಯ ಕಳೆದು ಕೊನೆಗಾಲಕ್ಕೆ ಯಾರೂ ಇಲ್ಲದಾದ ತಾಯಂದಿರು, ಇವರೆಲ್ಲ ಇರುವುದು ಇಂಥ ಸಣ್ಣ ಊರುಗಳಲ್ಲೇ.

ಇಲ್ಲೊಂದು ಎಚ್ಚರಿಕೆಯ ಮಾತು. ಕರ್ನಾಟಕದಲ್ಲಿ ಆಸ್ತಿ ತೆರಿಗೆ ಕಟ್ಟುವವರೆಲ್ಲ ಅದರ ಜತೆಗೆ ನೂರಕ್ಕೆ 3ರಂತೆ ಭಿಕ್ಷುಕರ ಸೆಸ್ ಕಟ್ಟುತ್ತಾರೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಿಂದ ಬಂದದ್ದು ಅದು. ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯುವುದು ಆ ಹಣದಿಂದ. ಆದರೆ ಆ ಕೇಂದ್ರದ ಬಾಗಿಲು ಭಿಕ್ಷೆ ಬೇಡುತ್ತಾ ಸಿಕ್ಕಿಬಿದ್ದವರಿಗೆ. ಗಂಡ, ಹೆಂಡತಿ, ಮಕ್ಕಳು ಒಟ್ಟಿಗೆ ತಂಗಲು ಕಟ್ಟಿದ ಮನೆ ಅದಲ್ಲ. 2010ರ ಆಗಸ್ಟಿನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಸೂರು ಕೊಟ್ಟೆವೆಂದು ಬಾಗಿಲು ಹಾಕಿಕೊಂಡು ಒಳಗೆ ಏನಾಗುತ್ತಿದೆ ಎಂದು ನೋಡದೆ ಹೋದರೆ ಏನಾಗುತ್ತದೆ ಎಂಬುದನ್ನು ಆ ಆಗಸ್ಟು ತೋರಿಸಿತು. ನಮ್ಮೂರ ಆಶ್ರಯ ಕೇಂದ್ರದೊಳಗೆ ತಿಂಗಳಿಗೊಮ್ಮೆಯಾದರೂ ಹೋಗಿ, ಹಾಸಿಗೆ, ಪಾಯಖಾನೆ, ಅಡುಗೆ ನೋಡಿ, ಅಲ್ಲಿದ್ದವರ ಜತೆ ಕೂತು ಮಾತಾಡಿ ಬರುವುದೂ ಸೇವೆಯೇ.

ಹಾಗಾದರೆ ಸೂರಿನ ದಾಸೋಹ ಎಲ್ಲೂ ನಡೆದಿಲ್ಲವೇ? ನಡೆದಿದೆ, ತೀರ ಹತ್ತಿರದಲ್ಲೇ. ಕೊಪ್ಪಳದ ಪಕ್ಕದ ಗದಗಿನಲ್ಲಿ, ತಾವೇ ಕಣ್ಣಿಲ್ಲದವರಾಗಿದ್ದ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳನ್ನು, ಅನಾಥರನ್ನು ಕೂಡಿಕೊಂಡು ಊರೂರು ಸಂಚಾರ ಮಾಡಿ, ಕೊನೆಗೆ ವೀರೇಶ್ವರ ಪುಣ್ಯಾಶ್ರಮ ಕಟ್ಟಿ ನೆಲೆ ನಿಂತರು. 1944ರಲ್ಲಿ ಅವರು ತೀರಿದ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ, ಆರು ದಶಕಕ್ಕೂ ಮಿಕ್ಕು ಕಾಲ, ಅದನ್ನು ನಡೆಸಿದರು. ನಾಟಕ ಕಂಪನಿಯ ಗಳಿಕೆಯಿಂದಲೂ ಅಲ್ಲಿನ ಒಲೆ ಉರಿಯಿತು. ಅಲ್ಲಿಗೆ ಬಂದ ಮಗುವಿಗೆ ಹಾಸಿಗೆ ಸಿಕ್ಕಿತು, ಜತೆಗೆ ಕೈಗೊಂದು ಹಾರ್ಮೋನಿಯಮ್ಮೋ ತಬಲವೋ ಸಿಕ್ಕಿತು. ಆಶ್ರಮ ಬಿಟ್ಟು ಹೊರಬೀಳುವಾಗ ದುಡಿದು ಉಣ್ಣುವ ವಿದ್ಯೆ ಜತೆಗಿತ್ತು.

ಗವಿಮಠದ ವಿದ್ಯಾರ್ಥಿ ಪ್ರಸಾದ ನಿಲಯವನ್ನೂ ನಾನು ಇದೇ ಕಣ್ಣಿನಿಂದ ನೋಡುತ್ತೇನೆ. 2022ರ ಜೂನ್‌ನಲ್ಲಿ 5,000 ವಿದ್ಯಾರ್ಥಿಗಳ ವಸತಿ ನಿಲಯಕ್ಕೆ ಅಡಿಗಲ್ಲು ಇಡುವ ವೇದಿಕೆಯಲ್ಲಿ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮಕ್ಕಳ ಕಷ್ಟ ಹೇಳುತ್ತಾ ಕಣ್ಣೀರು ಹಾಕಿದ್ದನ್ನು ನಾಡು ನೋಡಿತು. ಅದನ್ನು ಬಹುಮಂದಿ ಶಿಕ್ಷಣದ ಸುದ್ದಿಯಾಗಿ ಓದಿದರು. ಅಪ್ಪ ಅವ್ವ ಗುಳೆ ಹೋದ ಹುಡುಗನಿಗೆ ವರ್ಷವಿಡೀ ಒಂದೇ ಕಡೆ ಮಲಗುವ ಹಾಸಿಗೆ, ಪುಸ್ತಕ ಇಡುವ ಜಾಗ, ಬೆಳಗ್ಗೆ ಎದ್ದರೆ ಅದೇ ಶಾಲೆ ಸಿಗುವುದೆಂದರೆ ಅದು ಸೂರೇ ಅಲ್ಲವೇ? 2021ರ ಎರಡನೇ ಅಲೆಯಲ್ಲಿ ಇದೇ ಮಠ ಕೋವಿಡ್ ರೋಗಿಗಳಿಗೆ ಹಾಸಿಗೆ ಹಾಸಿತ್ತು. ರೊಟ್ಟಿಯಿಂದ ಹಾಸಿಗೆಗೆ ದಾಸೋಹ ಹಿಗ್ಗಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹೈಸ್ಕೂಲು ಕಾಲೇಜಿನ ಹುಡುಗರಿಗೆ ಆದದ್ದು ಒಂದನೇ ಎರಡನೇ ಇಯತ್ತೆಯ ಸಣ್ಣವರಿಗೂ ಅವರವರ ಊರಲ್ಲೇ ಆಗಬೇಕು. ಗುಳೆಯ ತಿಂಗಳುಗಳಲ್ಲಿ ಊರ ಶಾಲೆಯಲ್ಲೇ ಮಕ್ಕಳು ಉಳಿದು ಉಣ್ಣುವ ಋತುಮಾನದ ವಸತಿ ವ್ಯವಸ್ಥೆ ಸರ್ವಶಿಕ್ಷಣ ಅಭಿಯಾನದ ಕಾಲದಿಂದ ಇದೆ. ಅಜ್ಜಿಯಂದಿರು ಇರುವ ಊರಲ್ಲಿ ಅದನ್ನು ನಡೆಸುವುದು ಕಷ್ಟವೇನಲ್ಲ.

ಮನೆ ಕಟ್ಟಿಕೊಡುವ ಉತ್ಸಾಹದಲ್ಲೂ ಕಲಿಯಬೇಕಾದ ಪಾಠವಿದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಹಾಮಳೆಗೆ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತು, ಲಕ್ಷಗಟ್ಟಲೆ ಮನೆ ಕುಸಿದವು. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಮನೆಗಳು ನೆನೆದು ಕೂತುಬಿಟ್ಟವು. 'ಆಸರೆ' ಯೋಜನೆಯಲ್ಲಿ ದಾನಿಗಳು, ಕಂಪನಿಗಳು, ಮಠಗಳು ಕೈಜೋಡಿಸಿ ಹೊಸ ಊರುಗಳನ್ನೇ ಎಬ್ಬಿಸಿದರು. ಆದರೆ ಎಷ್ಟೋ ಕಡೆ ಜನ ಆ ಮನೆಗಳಿಗೆ ಹೋಗಲಿಲ್ಲ. ಹೊಲ ದೂರವಾಯಿತು, ಎತ್ತು ಎಮ್ಮೆ ಕಟ್ಟಲು ಜಾಗವಿರಲಿಲ್ಲ, ಮೇವಿನ ಬಣವೆ ಒಟ್ಟಲು ಹಿತ್ತಲಿರಲಿಲ್ಲ. ಮನೆ ಕಟ್ಟುವ ಮುಂಚೆ ಆ ಮನೆಯ ಹೆಣ್ಣುಮಗಳನ್ನು "ಒಲಿ ಎಲ್ಲಿ ಇಡೂಣವಾ?" ಎಂದು ಯಾರೂ ಕೇಳಿರಲಿಲ್ಲ.

ಕೇಳದೆ ಕೊಡುವವರನ್ನು ನೆನೆದಾಗ ಶರಣೆ ಆಯ್ದಕ್ಕಿ ಲಕ್ಕಮ್ಮ ನನ್ನ ಕಣ್ಮುಂದೆ ಬರುತ್ತಾಳೆ. ಕುಷ್ಟಗಿಗೆ ದೂರವಲ್ಲದ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ ಲಕ್ಕಮ್ಮ, ಮಾರಯ್ಯ ದಂಪತಿಯ ಊರು. ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದ ಗಂಡ ಮಾರಯ್ಯ ಒಂದು ದಿನ ಎಂದಿನದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಲೆಗೇರಿಸಲಿಲ್ಲ. ಹೆಚ್ಚಿನದನ್ನು ಮರಳಿ ಚೆಲ್ಲಿ ಬರಲು ಕಳಿಸಿದಳು. ಅವರೂ ಬಡವರೇ, ಉಣ್ಣಲು ಬರುವವರೂ ಬಡವರೇ. ಕೊಡುವವರು ಮೇಲೆ, ಪಡೆಯುವವರು ಕೆಳಗೆ ಎಂಬ ಮಾತೇ ಆ ಒಲೆಯ ಮುಂದೆ ಇರಲಿಲ್ಲ. ನಡುರಾತ್ರಿ ಮಲಗಿದವರನ್ನು ಎಬ್ಬಿಸಿ, ಮುಖಕ್ಕೆ ಲೈಟು ಬಿಟ್ಟು, ಕಂಬಳಿ ಕೊಟ್ಟು ಫೋಟೊ ತೆಗೆಸಿಕೊಳ್ಳುವುದು ಕಂಡಾಗ ನನಗೆ ನೋವಾಗುತ್ತದೆ. ಕೊಡುವವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಅಪ್ಪನೊಬ್ಬ ಮಕ್ಕಳ ಮುಂದೆ ಕೈಚಾಚಿ ನಿಂತ ಚಿತ್ರ ಊರೆಲ್ಲ ಮೊಬೈಲಿನಲ್ಲಿ ಸುತ್ತಿದರೆ, ನಾಳೆ ಅದೇ ಮಕ್ಕಳು ಶಾಲೆಯಲ್ಲಿ ತಲೆಯೆತ್ತಬೇಕಲ್ಲ.

ದೊಡ್ಡ ಮಠ, ದೊಡ್ಡ ದಾನಿ, ದೊಡ್ಡ ಸರ್ಕಾರ ಇದ್ದರೆ ಮಾತ್ರ ಇದೆಲ್ಲ ಸಾಧ್ಯ ಎನ್ನುವವರು ಗವಿಮಠದ ಬೆಟ್ಟದ ಬಂಡೆಯನ್ನೊಮ್ಮೆ ನೋಡಬೇಕು. 1931ರಲ್ಲಿ ಬೆಳಕಿಗೆ ಬಂದ ಅಶೋಕನ ಕಿರು ಶಾಸನ ಅಲ್ಲಿದೆ, ಅದರ ಜೋಡಿ ಹತ್ತಿರದ ಪಾಲ್ಕಿಗುಂಡಿನಲ್ಲಿದೆ. ಶ್ರಮಪಟ್ಟರೆ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ದೊಡ್ಡ ಫಲ ದಕ್ಕುತ್ತದೆ ಎಂಬುದು ಅದರಲ್ಲಿನ ಮಾತಿನ ಸಾರ. ಎರಡು ಸಾವಿರ ವರ್ಷಕ್ಕೂ ಹಳೆಯದಾದ ಈ ಮಾತಿನ ಕೆಳಗೇ ಪ್ರತಿವರ್ಷ ಹಳ್ಳಿಯ ಹೆಣ್ಣುಮಕ್ಕಳ ರೊಟ್ಟಿಬುಟ್ಟಿಗಳು ಸಾಗುತ್ತವೆ.

ಹಾಗಾಗಿ ಸಣ್ಣವರು ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಮಗು ವರ್ಷದ ಯಾವ ತಿಂಗಳಲ್ಲಿ ಬಂದರೂ ಶಾಲೆ ಸೇರಿಸಿಕೊಳ್ಳಬೇಕು. ಟಿ.ಸಿ. ಇಲ್ಲ, ಜನ್ಮ ದಾಖಲೆ ಇಲ್ಲ ಎಂದು ವಾಪಸು ಕಳಿಸುವಂತಿಲ್ಲ. ಯಲಬುರ್ಗಾದಿಂದ ಮಂಗಳೂರಿಗೆ ಬಂದಿಳಿದ ಗಾರೆ ಕೆಲಸದವನಿಗೆ ಇದು ಗೊತ್ತಿರುವುದಿಲ್ಲ. ಗೊತ್ತಿದ್ದರೂ ಸಿಮೆಂಟು ಮೆತ್ತಿದ ಅಂಗಿಯಲ್ಲಿ ಶಾಲೆಯ ಗೇಟು ದಾಟಲು ಅವನು ಹಿಂಜರಿಯುತ್ತಾನೆ. ಬೆಂಗಳೂರು, ಮಂಗಳೂರುಗಳಲ್ಲಿ ನೌಕರಿ ಮಾಡುವ ಕೊಪ್ಪಳ ಜಿಲ್ಲೆಯ ಮಂದಿ ಬೇಕಾದಷ್ಟಿದ್ದಾರೆ. ತಮ್ಮ ಬಡಾವಣೆಯಲ್ಲಿ ಹೊಸ ಕಟ್ಟಡ ಏಳುತ್ತಿದ್ದರೆ ಒಂದು ಭಾನುವಾರ ಆ ಶೆಡ್ಡಿಗೆ ಹೋಗಿ "ಯಾವೂರು ಯಣ್ಣ?" ಎಂದು ಮಾತಿಗೆ ಕೂಡಬಹುದು. ಸೋಮವಾರ ಅರ್ಧ ದಿನ ರಜೆ ಹಾಕಿ, ಜೋಲಿ ತೂಗುವ ಆ ಹುಡುಗಿಯನ್ನೂ ಅವರಪ್ಪನನ್ನೂ ಹತ್ತಿರದ ಸರ್ಕಾರಿ ಶಾಲೆಗೆ ಕರೆದುಕೊಂಡು ಹೋಗಿ, ಹೆಡ್‌ಮಾಸ್ತರರ ಮುಂದೆ ಕೂತು, ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಬರೆಯುವವರೆಗೂ ಏಳದೆ ಇರಬಹುದು. ಕೂಸನ್ನು ಅಂಗನವಾಡಿಗೆ ಬಿಡುವ ಮಾತನ್ನೂ ಅದೇ ಓಡಾಟದಲ್ಲಿ ಮುಗಿಸಿಕೊಳ್ಳಬಹುದು.